ಬೊಂಬೆಯ ಎಡಪಕ್ಕೆ

ಮಾರ್ಚ್ ಒಂಬತ್ತು, ಭಾನುವಾರ ಮಧ್ಯಾಹ್ನ

ನನ್ನ ಗುಂಡುಸೂಜಿಗೆ,

ನಿನಗೆ ಆಸ್ಪತ್ರೆಯಿಂದ ಒಂದು ಫೋನ್ ಬರಬಹುದು. ಬಂದರೆ ಗಾಬರಿಯಾಗಬೇಡ. ಅಲ್ಲಿ ಕೌಂಟರಿನಲ್ಲಿ ಕೂತವಳು, ನಿಮ್ಮವರು ಯಾರು, ಅವರ ನಂಬರ್ ಕೊಡಿ ಎಂದಳು. ಯಾರೂ ಬೇಡ, ನನ್ನ ನಂಬರೇ ಸಾಕು ಎಂದೆ. "ನೀವೇ ಒಳಗೆ ಮಲಗಿರ್ತೀರಲ್ಲಮ್ಮ, ನಿಮಗೇ ಫೋನ್ ಮಾಡಕ್ಕಾಗುತ್ತಾ?" ಎಂದು ನಕ್ಕಳು. ಮಾತು ಸರಿಯಾಗಿತ್ತು. ನಿನ್ನ ನಂಬರ್ ಕೊಟ್ಟೆ. ಕೇಳಿದರೆ ಹೌದು, ನಾನೇ ಮಗಳು ಎನ್ನು, ಅಷ್ಟು ಸಾಕು. ನೀನು ಬರುವುದೇನೂ ಬೇಕಾಗಿಲ್ಲ. ಅದನ್ನು ಹೇಳುವುದಕ್ಕೇ ಈ ಪತ್ರ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು ಅನ್ನುತ್ತೀಯ. ನಮ್ಮ ಫೋನಿನ ಸಂಭ್ರಮ ನಿನಗೇ ಗೊತ್ತು. ನಾನು ಊಟ ಆಯ್ತಾ ಅನ್ನುತ್ತೇನೆ, ನೀನು ಹ್ಞೂಂ ಅನ್ನುತ್ತೀಯ. ನೀನು ಅಂಗಡಿ ಹೇಗಿದೆ ಅನ್ನುತ್ತೀಯ, ನಾನು ಇದ್ದ ಹಾಗೇ ಇದೆ ಅನ್ನುತ್ತೇನೆ. ಆಮೇಲೆ ಇನ್ನೊಬ್ಬರು ಮೊದಲು ಇಡಲಿ ಎಂದು ಇಬ್ಬರೂ ಕಾಯುತ್ತೇವೆ. ಕಾಗದದಲ್ಲಾದರೆ ನೀನು ನಡುವೆ ಬಾಯಿ ಹಾಕಲಾರೆ. ಪೂರ್ತಿ ಓದು.

ನನ್ನ ಹೊಟ್ಟೆಯೊಳಗೆ ಒಂದು ಗಡ್ಡೆ ಇದೆ. ಹತ್ತೊಂಬತ್ತನೇ ತಾರೀಕು, ಬುಧವಾರ, ಅದನ್ನು ತೆಗೆಯುತ್ತಾರೆ. ವಿಷಯ ಇಷ್ಟೇ. ಇಲ್ಲಿಗೇ ಪತ್ರ ಕೆಳಗಿಟ್ಟು ಅಳುತ್ತಾ ಕೂರಬೇಡ. ಅತ್ತರೆ ನಿನ್ನ ಮೂಗು ಕೆಂಪಾಗಿ ಮರುದಿನವೂ ಹಾಗೇ ಇರುತ್ತದೆ, ಗಿರಾಕಿಗಳ ಮುಂದೆ ಚೆನ್ನಾಗಿರುವುದಿಲ್ಲ. ನನ್ನ ಜೊತೆಗೆ ನಮ್ಮ ಅಂಗಡಿಯ ಇಸ್ತ್ರಿ ಮಾಮ ಇದ್ದಾನೆ. ಅವನು ನೋಡಿಕೊಳ್ಳುತ್ತಾನೆ.

ಹೇಗೆ ಗೊತ್ತಾಯಿತು ಎಂದು ಕೇಳುತ್ತೀಯ, ಅದನ್ನೂ ಬರೆದುಬಿಡುತ್ತೇನೆ. ಅಂಗಡಿಯ ಕಿಟಕಿಯಲ್ಲಿ ನಿಲ್ಲಿಸುತ್ತಿದ್ದ ತಲೆಯಿಲ್ಲದ ಬೊಂಬೆ ನೆನಪಿದೆಯಲ್ಲ? ಚಿಕ್ಕವಳಿದ್ದಾಗ ಅದನ್ನು ನೀನು ಚಿಕ್ಕಮ್ಮ ಎಂದು ಕರೆಯುತ್ತಿದ್ದೆ. ಅಮ್ಮನ ಹಾಗೇ ನಿಲ್ತಾಳೆ, ಆದ್ರೆ ಬೈಯಲ್ಲ ಎಂದು ಇಸ್ತ್ರಿ ಮಾಮನಿಗೆ ಹೇಳಿ ಅವನನ್ನು ನಗಿಸಿದ್ದೆ. ನೀನು ಹೋದ ಮೇಲೆ ನನ್ನ ಬಟ್ಟೆಗೆ ಬೆನ್ನಿನ ಕಡೆ ಗುಂಡುಸೂಜಿ ಚುಚ್ಚಿ ಅಳತೆ ನೋಡುವವರು ಇಲ್ಲವಾದರು. ದರ್ಜಿಯಾದವಳು ಇನ್ನೊಂದು ಅಂಗಡಿಗೆ ಹೋಗಿ ಅಳತೆ ಕೊಡಲಾಗುತ್ತದೆಯೇ? ಆ ಬೊಂಬೆಯನ್ನು ಅಟ್ಟದಿಂದ ಇಳಿಸಿ, ಹಳೆಯ ಚಿಂದಿ ಸುತ್ತಿ ಸುತ್ತಿ ನನ್ನ ಅಳತೆಗೆ ತಂದೆ. ನನ್ನ ಬಟ್ಟೆಯನ್ನು ಅದಕ್ಕೆ ತೊಡಿಸಿ ಹೊಲಿದುಕೊಳ್ಳುತ್ತಿದ್ದೆ.

ಸುಮಾರು ಎರಡು ವರ್ಷದ ಹಿಂದೆ ಉಡುಪಿನ ಸೊಂಟ ಬಿಗಿಯಾಗತೊಡಗಿತು. ನಮ್ಮ ಅಂಗಡಿಯ ಕ್ರಮ ಗೊತ್ತಲ್ಲ, ಹೊಲಿಗೆಯ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟೇ ಹೊಲಿಯುವುದು. ಇಷ್ಟೊಂದು ಯಾಕೆ, ಬಟ್ಟೆ ದಪ್ಪ ಕಾಣುತ್ತೆ ಎಂದು ನೀನು ಮೂಗು ಮುರಿಯುತ್ತಿದ್ದೆ. ಮೈ ಇದ್ದ ಹಾಗೇ ಇರುವುದಿಲ್ಲ, ಬಿಟ್ಟ ಬಟ್ಟೆ ಕಷ್ಟಕ್ಕೆ ಆಗುತ್ತದೆ ಎಂದು ನಾನು ಹೇಳುತ್ತಿದ್ದೆ. ನನ್ನ ಕಷ್ಟಕ್ಕೇ ಆಯಿತು. ಹೊಲಿಗೆ ಬಿಚ್ಚಿ ಸ್ವಲ್ಪ ಬಿಟ್ಟೆ. ಇನ್ನಷ್ಟು ದಿನಕ್ಕೆ ಮತ್ತೆ ಬಿಟ್ಟೆ. ಒಳಗಿನ ಬಟ್ಟೆ ಮುಗಿದಾಗ ಪಕ್ಕದಲ್ಲಿ ಒಂದು ಪಟ್ಟಿ ಸೇರಿಸಿ, ಅದು ಮೊದಲಿನಿಂದಲೂ ಇದ್ದ ವಿನ್ಯಾಸ ಎನ್ನುವ ಹಾಗೆ ಮಾಡಿದೆ. ನೋಡಿದ ಒಬ್ಬ ಗಿರಾಕಿ ತನಗೂ ಹಾಗೇ ಪಟ್ಟಿ ಬೇಕು ಎಂದು ಹೊಲಿಸಿಕೊಂಡು ಹೋದಳು.

ಇಸ್ತ್ರಿ ಮಾಮನ ಕಣ್ಣಿಗೆ ಮಾತ್ರ ತಪ್ಪಲಿಲ್ಲ. "ಏನಕ್ಕ, ಜಗಳ ಆಡೋಳು ಹೋದ ಮೇಲೆ ಸುಖ ಬಂದಿದೆ ನಿಮಗೆ, ಹೊಟ್ಟೆ ಬಿಟ್ಟಿದೀರಿ" ಎಂದ. "ನಿನ್ನ ಇಸ್ತ್ರಿ ಮೇಲೆ ಕಣ್ಣಿಡು, ಕಾಲರ್ ಸುಟ್ಟರೆ ನಿನ್ನ ಕಿವಿ ಸುಡ್ತೀನಿ" ಎಂದೆ. ಅಲ್ಲಿಗೆ ಮುಗಿಯಿತು.

ನಮ್ಮ ಬೀದಿಯ ಡಾಕ್ಟರ ಹತ್ತಿರವೂ ಹೋಗಿದ್ದೆ. ಮೆಟ್ಟಿಲು ಹತ್ತಿದರೆ ಏದುಸಿರು, ಅರ್ಧ ತುಂಡು ಬ್ರೆಡ್ಡಿಗೇ ಹೊಟ್ಟೆ ತುಂಬಿಬಿಡುತ್ತದೆ ಎಂದೆ. ಅವರು ಕೋಟಿನ ಮೇಲಿಂದಲೇ ಎದೆಗೆ ಸ್ಟೆತೊಸ್ಕೋಪ್ ಇಟ್ಟು, ಗ್ಯಾಸು, ವಯಸ್ಸು, ಸ್ವಲ್ಪ ನಡೀರಿ ಎಂದರು. ಅವರನ್ನು ಬೈದು ಪ್ರಯೋಜನವಿಲ್ಲ. ಕೋಟು ತೆಗೆಯಿರಿ ಎಂದಿದ್ದರೆ ನಾನು ತೆಗೆಯುತ್ತಿರಲಿಲ್ಲ. ಆ ಕೋಟಿನ ಕತ್ತರಿಕೆ ಹೇಗಿತ್ತೆಂದರೆ ಒಳಗೆ ಹೊಟ್ಟೆ ಇದೆ ಎಂದೇ ಯಾರಿಗೂ ಅನ್ನಿಸುತ್ತಿರಲಿಲ್ಲ. ಹೇಳಿದ ಹಾಗೆ ನಡೆದೆ. ಪಾರ್ಕಿನ ಸುತ್ತ, ಎಲ್ಲರೂ ನಾಯಿ ಹಿಡಿದುಕೊಂಡು ನಡೆಯುವ ಕಡೆ ನಾನೊಬ್ಬಳೇ ಬರಿಗೈಯಲ್ಲಿ.

ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಶಟರ್ ಎತ್ತಿದಾಗ ಬೊಂಬೆಯ ಬೆನ್ನಿಗೆ ಬಿಸಿಲು ಬಿತ್ತು. ಅದಕ್ಕೆ ಬಟ್ಟೆ ತೊಡಿಸಿರಲಿಲ್ಲ. ಗೋಡೆಯ ಮೇಲಿನ ನೆರಳು ನೋಡಿ ನಿಂತೇ ಬಿಟ್ಟೆ. ಯಾರೋ ಮಗುವನ್ನು ಒಂದೇ ಸೊಂಟದ ಮೇಲೆ ಹೊತ್ತು ನಿಂತ ಹಾಗಿತ್ತು. ಟೇಪು ಹೇಳಿದ ಕಡೆಗೆಲ್ಲ ನಾನು ಚಿಂದಿ ಸುತ್ತುತ್ತಾ ಬಂದಿದ್ದೆ, ಒಟ್ಟಿಗೆ ನೋಡಿರಲಿಲ್ಲ. ಸುತ್ತಿದ್ದೆಲ್ಲ ಎಡಪಕ್ಕೆಗೇ. ತಿಂದು ಬಂದ ಹೊಟ್ಟೆ ಒಂದೇ ಕಡೆ ಬರುವುದಿಲ್ಲ. ಆಮೇಲೆ ನೆನಪಾಯಿತು, ಅದೇ ಉಡುಪುಗಳ ತೋಳನ್ನು ನಾನು ಒಳಗೆ ಹಿಡಿದಿದ್ದೆ, ಭುಜ ಸಣ್ಣ ಮಾಡಿದ್ದೆ. ಸೊಂಟ ಬಿಡುವುದು, ತೋಳು ಹಿಡಿಯುವುದು. ಯಾವ ಗಿರಾಕಿಯಾದರೂ ಹೀಗೆ ಮಾಡಿಸಿಕೊಂಡಿದ್ದರೆ ಬಟ್ಟೆ ಪಕ್ಕಕ್ಕಿಟ್ಟು, ಮೊದಲು ಡಾಕ್ಟರಿಗೆ ತೋರಿಸಿ ಬಾ ತಾಯಿ ಎನ್ನುತ್ತಿದ್ದೆ.

ಅವತ್ತೇ ಬೀದಿಯ ಡಾಕ್ಟರ ಹತ್ತಿರ ಹೋಗಿ ಕೋಟು ತೆಗೆದು ಮಲಗಿದೆ. ಅವರು ಎಡಗಡೆ ಒತ್ತಿದರು. ಒತ್ತಿದ ಕೈ ಹಾಗೇ ನಿಂತಿತು. ಸ್ಕ್ಯಾನಿಗೆ ಬರೆದುಕೊಟ್ಟರು. ಸ್ಕ್ಯಾನ್ ಮಾಡುವ ಹುಡುಗಿ ಅಲ್ಲಿಯವರೆಗೆ ಅಜ್ಜಿ ಹಾಗೆ ಮಲಕ್ಕೊಳ್ಳಿ, ಅಜ್ಜಿ ಉಸಿರು ಹಿಡೀರಿ ಎಂದು ಸಲುಗೆಯಿಂದ ಇದ್ದವಳು, ಮುಗಿದ ಮೇಲೆ ಇದ್ದಕ್ಕಿದ್ದಂತೆ ಮೇಡಂ ಎನ್ನತೊಡಗಿದಳು. ಕೈ ಹಿಡಿದು ಇಳಿಸಿದಳು. ಆಗಲೇ ನನಗೆ ಅರ್ಧ ಗೊತ್ತಾಯಿತು.

ಗಡ್ಡೆ ಕರುಳಿನ ಹಿಂದೆ, ಬೆನ್ನಿಗೆ ಒತ್ತಿಕೊಂಡಿದೆ. ಅಲ್ಲಿ ಜಾಗ ಬೇಕಾದಷ್ಟು, ಹಾಗಾಗಿ ನೋವಿಲ್ಲದೆ ಬೆಳೆಯುತ್ತದಂತೆ. ಕರುಳನ್ನೆಲ್ಲ ಬಲಕ್ಕೆ ತಳ್ಳಿ, ಎಡಗಡೆಯ ಕಿಡ್ನಿಯನ್ನು ಸುತ್ತುವರಿದು ಕೂತಿದೆ. ಬಾಡಿಗೆಗೆ ಬಂದವರು ಮನೆಯವರನ್ನೇ ಮೂಲೆಗೆ ತಳ್ಳಿದ ಹಾಗೆ.

ಇಲ್ಲೇ ಹತ್ತಿರದ ಒಂದು ಆಸ್ಪತ್ರೆಯ ಸರ್ಜನ್ ಫಿಲ್ಮ್ ನೋಡಿ, "ಬರೀ ಕೊಬ್ಬಿನ ಗಡ್ಡೆ. ಬಿಡಿಸಿ ತೆಗೆದುಬಿಡ್ತೀನಿ. ಕಿಡ್ನಿ ಮುಟ್ಟಲ್ಲ, ಒಂದು ವಾರಕ್ಕೆ ಮನೆಗೆ ಹೋಗ್ತೀರಿ" ಎಂದರು. ನನಗೆ ಆತ ಬಹಳ ಹಿಡಿಸಿದರು. ಒಂದು ಚೂರೂ ವ್ಯರ್ಥ ಮಾಡದೆ ಕೆಲಸ ಮುಗಿಸುವವರು ಎಂದರೆ ನನಗೆ ಮೊದಲಿನಿಂದಲೂ ಗೌರವ. ತಾರೀಕು ಕೂಡ ಹಾಕಿಸಿಕೊಂಡು ಬಂದೆ.

ಎರಡು ದಿನ ಬಿಟ್ಟು ಬೀದಿಯ ಡಾಕ್ಟರು ಅಂಗಡಿಗೇ ಬಂದರು. ಇಷ್ಟು ವರ್ಷದಲ್ಲಿ ಅವರು ಒಳಗೆ ಕಾಲಿಟ್ಟವರಲ್ಲ, ರೆಡಿಮೇಡ್ ತೊಡುವ ಮನುಷ್ಯ. ಕತ್ತರಿಸುವ ಮೇಜಿನ ಮುಂದೆ ನಿಂತು ಸೀಮೆಸುಣ್ಣ ಎತ್ತಿ ಇಟ್ಟು, ಎತ್ತಿ ಇಟ್ಟು, ಕೊನೆಗೆ, "ಅಲ್ಲಿ ಬೇಡಮ್ಮ. ಇಂಥ ಗಡ್ಡೆ ನಾನು ಈ ವೃತ್ತಿಯಲ್ಲಿ ಇದೇ ಮೊದಲು ನೋಡಿದ್ದು. ಅವರೂ ಒಂದೋ ಎರಡೋ ನೋಡಿರಬೇಕು. ಇದನ್ನೇ ನೋಡ್ತಾ ಇರೋರ ಹತ್ರ ಹೋಗಿ. ಹೊಟ್ಟೆ ತೆರೆಯೋಕೆ ಮುಂಚೆ ಹೋಗಬೇಕು, ತೆರೆದ ಮೇಲಲ್ಲ" ಎಂದರು. "ಅವತ್ತೇ ನಾನು ಮುಟ್ಟಿ ನೋಡಬೇಕಿತ್ತು" ಎಂದೂ ಹೇಳಿದರು. ನಾನು ಕೂರಿ ಎನ್ನಲೂ ಇಲ್ಲ. ಹೋದ ಮೇಲೆ ನೋಡಿದೆ, ಅವರ ಕೋಟಿನ ತೋಳು ಒಂದು ಬೆರಳು ಉದ್ದ. ಕರೆದು ಸರಿ ಮಾಡಿಕೊಡಬೇಕು.

ಹೀಗೆ ದೊಡ್ಡ ಆಸ್ಪತ್ರೆಗೆ ಹೋಗಿದ್ದು. ಅಲ್ಲಿಯ ಸರ್ಜನ್ ಒಬ್ಬ ಹುಡುಗಿ. ಹುಡುಗಿ ಅಂದರೆ ನಿನ್ನ ವಯಸ್ಸು. ಕೂದಲು ಗಿಡ್ಡ, ಉಗುರು ಗಿಡ್ಡ, ಮಾತೂ ಗಿಡ್ಡ. ನಾನು ದೊಡ್ಡ ಡಾಕ್ಟರು ಯಾವಾಗ ಬರ್ತಾರಮ್ಮ ಎಂದು ಕೇಳಿದೆ. "ಬಂದಾಯ್ತು, ಕೂತ್ಕೊಳ್ಳಿ" ಎಂದಳು.

ಮೊದಲು ಗಡ್ಡೆಯ ಚೂರು ಬೇಕು ಎಂದಳು. ಅದನ್ನು ಹೊಟ್ಟೆಯ ಮುಂದಿನಿಂದಲ್ಲ, ಬೆನ್ನಿನಿಂದ ಸೂಜಿ ಹಾಕಿ, ಸ್ಕ್ಯಾನಿನಲ್ಲಿ ದಾರಿ ನೋಡುತ್ತಾ ತೆಗೆದರು. ಮುಂದಿನಿಂದ ಹೋದರೆ ದಾರಿಯುದ್ದಕ್ಕೂ ಅದರ ಕಣ ಚೆಲ್ಲಬಹುದಂತೆ. ಆ ದಿನದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ಚೂರು ನೋಡಿದವರು ಸಾಧಾರಣ ಕೊಬ್ಬು ಎಂದು ಬರೆದುಕೊಟ್ಟರು. ನಾನು ಕೈಚೀಲ ಎತ್ತಿಕೊಂಡು ಎದ್ದೆ. ಅವಳು ಏಳಲಿಲ್ಲ. "ಈ ಜಾಗದಲ್ಲಿ ಇಷ್ಟು ದೊಡ್ಡ ಕೊಬ್ಬು ಸಾಧಾರಣ ಆಗಿರಲ್ಲ" ಎಂದು, ಅದನ್ನೇ ಇನ್ನೊಂದು ಲ್ಯಾಬಿಗೆ ಕಳಿಸಿ, ಜೀವಕೋಶದ ಒಳಗಿನ ಪರೀಕ್ಷೆ ಮಾಡಿಸಿದಳು. ಅದು ಬರುವವರೆಗೆ ಕಾದೆ. ಬಂತು. ಸಾರ್ಕೋಮಾ ಎನ್ನುವ ಜಾತಿಯ ಕ್ಯಾನ್ಸರ್, ಕೊಬ್ಬಿನಲ್ಲಿ ಹುಟ್ಟುವುದು. ಬಹಳ ಅಪರೂಪ ಎಂದಳು. ನನಗೆ ಸಾಮಾನ್ಯದ್ದು ಯಾವುದು ಬಂದಿದೆ ಹೇಳು.

ಅಲ್ಲಿ ಒಂದು ಕ್ರಮವಿದೆ. ಸ್ಕ್ಯಾನ್ ಓದುವವರು, ಚೂರು ನೋಡುವವರು, ಔಷಧಿ ಕೊಡುವವರು, ಕಿರಣ ಹಾಯಿಸುವವರು, ಕೊಯ್ಯುವವರು, ಎಲ್ಲ ಒಂದು ಕೋಣೆಯಲ್ಲಿ ಕೂತು ಒಬ್ಬೊಬ್ಬ ರೋಗಿಯ ವಿಷಯ ಮಾತಾಡುತ್ತಾರೆ. ಗುರುವಾರ ನನ್ನ ವಿಷಯ ಬಂತು. ಈ ಜಾತಿಗೆ ಔಷಧಿ ಅಷ್ಟಾಗಿ ಕೇಳುವುದಿಲ್ಲ, ಕಿರಣದಿಂದ ನನಗೆ ಎಷ್ಟು ಲಾಭ ಎಂದು ಅವರಲ್ಲೇ ಒಮ್ಮತವಿಲ್ಲ, ಕೊಯ್ದು ತೆಗೆಯುವುದೇ ದಾರಿ ಎಂದು ತೀರ್ಮಾನವಾಯಿತಂತೆ. ಒಡೆಯದೆ, ಇಡಿಯಾಗಿ, ಎಡಗಡೆಯ ಕಿಡ್ನಿ ಮತ್ತು ದೊಡ್ಡ ಕರುಳಿನ ಒಂದು ಭಾಗದ ಜೊತೆಗೆ.

ನಾನು ಜಗಳ ತೆಗೆದೆ. ಕಿಡ್ನಿ ಚೆನ್ನಾಗಿದೆ ಅಂತ ನೀವೇ ಹೇಳ್ತೀರಿ, ಒಳ್ಳೇ ಮಾಲು ಯಾಕೆ ಹಾಳು ಮಾಡ್ತೀರಿ, ಆ ಇನ್ನೊಬ್ಬರು ಮುಟ್ಟದೇ ತೆಗೀತೀನಿ ಅಂದಿದ್ರು ಎಂದೆ. ಅವಳು ನಾನು ಏನು ಕೆಲಸ ಮಾಡುತ್ತೇನೆ ಎಂದು ಕೇಳಿದಳು. ಹೇಳಿದೆ.

"ಹುಳ ತಿಂದ ಬಟ್ಟೆ ಬಂದ್ರೆ ತೂತಿನ ಅಂಚಿಗೇ ಕತ್ತರಿಸ್ತೀರಾ?"

"ಯಾರಾದ್ರೂ ಹಾಗೆ ಮಾಡ್ತಾರಾ? ಸುತ್ತಲೂ ಮೊಟ್ಟೆ ಇರುತ್ತೆ, ಕಣ್ಣಿಗೆ ಕಾಣಲ್ಲ. ಚೆನ್ನಾಗಿರೋ ಬಟ್ಟೆ ಸೇರಿಸೇ ಕತ್ತರಿಸಬೇಕು."

"ಮತ್ತೆ?" ಎಂದಳು.

ಅಷ್ಟೇ. ನೀನು ಹುಬ್ಬು ಮೇಲೆತ್ತಿ ಮತ್ತೆ ಎನ್ನುತ್ತಿದ್ದೆಯಲ್ಲ, ಥೇಟ್ ಹಾಗೇ. ಇನ್ನು ಮೇಲೆ ಬರಲ್ಲ ಅಂತ ಗ್ಯಾರಂಟಿ ಕೊಡ್ತೀಯಾ ಎಂದೆ. "ಇಲ್ಲಮ್ಮ. ಇದು ತಿರುಗಿ ಅದೇ ಜಾಗಕ್ಕೆ ಬರೋ ಜಾತಿ. ಮೊದಲನೇ ಸಲ ಸರಿಯಾಗಿ ತೆಗೆದ್ರೆ ಬರದೇ ಇರೋ ಸಾಧ್ಯತೆ ಹೆಚ್ಚು. ಆಮೇಲೂ ನಾನು ನಿಮ್ಮನ್ನ ಬಿಡಲ್ಲ, ಕೆಲವು ತಿಂಗಳಿಗೊಂದು ಸಲ ಸ್ಕ್ಯಾನು" ಎಂದಳು. ಗ್ಯಾರಂಟಿ ಕೊಟ್ಟಿದ್ದರೆ ನಾನು ಎದ್ದು ಬಂದುಬಿಡುತ್ತಿದ್ದೆ. ಬಣ್ಣ ಹೋಗಲ್ಲ ಎಂದು ಆಣೆ ಹಾಕುವ ಬಟ್ಟೆಯವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಇವಳಿಗೆ ಒಪ್ಪಿದೆ. ಮುಂದೂಡುತ್ತಾ ಬಂದಿದ್ದ ಆ ಇನ್ನೊಬ್ಬ ಸರ್ಜನ್‌ರ ತಾರೀಕನ್ನು ಅವತ್ತೇ ರದ್ದು ಮಾಡಿಸಿದೆ.

ಕೊನೆಗೆ ಅವಳು ಮನೇಲಿ ಯಾರಿದ್ದಾರೆ ಎಂದಳು. ಮಗಳಿದ್ದಾಳೆ ಎಂದೆ. "ಕರ್ಕೊಂಡು ಬನ್ನಿ, ಇದು ದೊಡ್ಡ ಆಪರೇಷನ್ನು, ಅವರ ಹತ್ರಾನೂ ನಾನು ಮಾತಾಡ್ಬೇಕು." ಅವಳಿಗೆ ಪುರುಸೊತ್ತಿಲ್ಲ, ಸ್ವಂತ ಅಂಗಡಿ ಇಟ್ಟಿದ್ದಾಳೆ, ಜನ ಸಾಲುಗಟ್ಟಿ ನಿಲ್ತಾರೆ ಎಂದೆ. ನಿನ್ನ ಅಂಗಡಿ ನಾನು ನೋಡಿಲ್ಲ. ಹಾಗಿರಬಹುದು ಎಂದುಕೊಂಡು ಹೇಳಿದೆ.

ಅಲ್ಲಿ ಕಾಯುವ ಕೋಣೆಯಲ್ಲಿ ಕುರ್ಚಿಗಳನ್ನು ಎರಡೆರಡು ಜೋಡಿಸಿ ಇಟ್ಟಿದ್ದಾರೆ. ಒಬ್ಬ ಹೆಂಗಸು ಬಂದು ನನ್ನ ಪಕ್ಕದ ಕುರ್ಚಿ ತೋರಿಸಿ, ಇಲ್ಲಿ ಯಾರಾದ್ರೂ ಇದ್ದಾರಾ ಎಂದಳು. ಇದ್ದಾರೆ ಎಂದುಬಿಟ್ಟೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಒಮ್ಮೆ ಅಂದ ಮೇಲೆ ಇಲ್ಲ ಎನ್ನುವುದು ಹೇಗೆ? ಕೈಚೀಲವನ್ನು ಆ ಕುರ್ಚಿಯ ಮೇಲಿಟ್ಟು, ಯಾರೋ ಈಗ ಬರುತ್ತಾರೆ ಎನ್ನುವ ಹಾಗೆ ಬಾಗಿಲು ನೋಡುತ್ತಾ ಬೆಳಗಿನಿಂದ ಮಧ್ಯಾಹ್ನದವರೆಗೆ ಕೂತಿದ್ದೆ. ಆ ಹೆಂಗಸು ಗೋಡೆಗೆ ಒರಗಿ ನಿಂತೇ ಇದ್ದಳು. ಎರಡು ಸಲ ನನ್ನನ್ನು ನೋಡಿದಳು.

ಇದನ್ನು ಬರೆಯಬೇಕೆಂದು ಇರಲಿಲ್ಲ. ಇಂಕಿನಲ್ಲಿ ಬರೆದದ್ದು, ಹೊಡೆದು ಹಾಕಿದರೆ ಕೊಳಕಾಗುತ್ತದೆ.

ಇನ್ನೊಂದು. ಇಸ್ತ್ರಿ ಮಾಮ ಇದ್ದಾನೆ ಎಂದು ಮೇಲೆ ಬರೆದಿದ್ದೇನೆ. ಇದ್ದಾನೆ, ಅವನ ತಮ್ಮನ ಮನೆಯಲ್ಲಿ. ಕಣ್ಣು ಮಂಜಾಗಿ ಚಳಿಗಾಲದ ಮೊದಲೇ ಕೆಲಸ ಬಿಟ್ಟ. ಹೋಗುವಾಗ ನಿನ್ನನ್ನು ಕೇಳಿದ. ಚೆನ್ನಾಗಿದ್ದಾಳೆ ಎಂದೆ. ಈಗ ಅಂಗಡಿಯಲ್ಲಿ ಇಸ್ತ್ರಿಯೂ ನನ್ನದೇ. ಬೊಂಬೆಯನ್ನು ನಾನು ಮಾತಾಡಿಸುತ್ತೇನೆ ಎಂದು ತಿಳಿಯಬೇಡ, ಆ ಮಟ್ಟಕ್ಕೆ ಬಂದಿಲ್ಲ. ಸಂಜೆ ದೀಪ ಆರಿಸುವಾಗ ಒಂದು ಮಾತು ಹೇಳುವುದುಂಟು, ಅಷ್ಟೇ.

ನೀನು ಹೋದ ದಿನದ ವಿಷಯ ನಾನಾಗಿ ಎತ್ತುವುದಿಲ್ಲ. ಗಿರಾಕಿಯ ಮುಂದೆ ನಿನ್ನ ಹೊಲಿಗೆ ಬಿಚ್ಚಿದೆ ಎಂದು ನಿನ್ನ ಸಿಟ್ಟು. ಆ ಕೋಟಿನ ಭುಜ ಕೂತಿರಲಿಲ್ಲ. ಇವತ್ತು ಕೇಳಿದರೂ ಅದನ್ನೇ ಹೇಳುತ್ತೇನೆ. ನೀನು ಕತ್ತರಿಯನ್ನು ಮೇಜಿನ ಮೇಲಿಟ್ಟು ಹೋದೆ. ಅದನ್ನು ನಾನು ಬಳಸಿಲ್ಲ. ಎಣ್ಣೆ ಹಾಕಿ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ತುಕ್ಕು ಹಿಡಿದರೆ ಒಳ್ಳೇ ಕತ್ತರಿ ಹಾಳು ಎಂದು, ಬೇರೇನಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ತೊಡಲು ಒಂದು ಉಡುಪು ಕತ್ತರಿಸಿದ್ದೇನೆ. ಗಡ್ಡೆ ಹೋದ ಮೇಲೆ ಸೊಂಟ ಎಷ್ಟಿರುತ್ತದೆ ಎಂದು ಆ ಹುಡುಗಿಯನ್ನು ಕೇಳಿದೆ. "ಅದನ್ನ ನೀವೇ ಅಳೆದು ನನಗೆ ಹೇಳಿ" ಎಂದಳು. ನಿನ್ನೆ ಬೊಂಬೆಯ ಎಡಪಕ್ಕೆಯಿಂದ ಚಿಂದಿಯನ್ನೆಲ್ಲ ಬಿಚ್ಚಿ ತೆಗೆದೆ. ಮೇಜಿನ ಮೇಲೆ ಒಂದು ರಾಶಿಯಾಯಿತು. ಅದರಲ್ಲಿ ನಿನ್ನ ಶಾಲೆಯ ಯೂನಿಫಾರಂ ತುಂಡೂ ಇತ್ತು. ಬೊಂಬೆ ಈಗ ಸಣ್ಣಗಾಗಿ, ಯಾರದೋ ಮನೆಯ ಹುಡುಗಿಯ ಹಾಗೆ ನಿಂತಿದೆ. ಉಡುಪಿಗೆ ಕಚ್ಚಾ ಹೊಲಿಗೆ ಮಾತ್ರ ಹಾಕಿದ್ದೇನೆ. ಗಟ್ಟಿ ಹೊಲಿಗೆ ನಾನು ತಿರುಗಿ ಬಂದ ಮೇಲೆ. ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿದ್ದೇನೆ.

ಅಂಗಡಿಯ ಬೀಗದ ಕೈ ಪಕ್ಕದ ಗಡಿಯಾರ ರಿಪೇರಿಯವರ ಹತ್ತಿರ ಇರುತ್ತದೆ. ನಾನು ತಿರುಗಿ ಬರದಿದ್ದರೆ ಹೊಲಿಗೆ ಯಂತ್ರ ನಿನ್ನದು. ಬೊಂಬೆಯನ್ನು ಮಾರಬೇಡ. ಬರುತ್ತೇನೆ, ಬರದೆ ಏನು. ಕೋಟು ಕೊಡುವುದಿದೆ ಇಬ್ಬರಿಗೆ.

ಮತ್ತೊಮ್ಮೆ ಹೇಳುತ್ತೇನೆ, ಕೆಲಸ ಬಿಟ್ಟು ಓಡಿ ಬರಬೇಡ. ಊಟ ಹೊತ್ತಿಗೆ ಸರಿಯಾಗಿ ಮಾಡು. ಬೆಳಕು ಕಡಿಮೆಯಾದಾಗ ಕಪ್ಪು ಬಟ್ಟೆ ಹೊಲಿಯಬೇಡ.

ಕತ್ತರಿಯನ್ನು ಇನ್ನೂ ಕೆಳಗಿಡದ,
ನಿನ್ನ ಅಮ್ಮ

ತಾ.ಕ.: ಬೆನ್ನಿಗೆ ಸೂಜಿ ಹಾಕಿದ ದಿನ ಆಸ್ಪತ್ರೆಯಲ್ಲಿ ಒಂದು ಗೌನು ಕೊಟ್ಟರು. ಹಿಂದಿನಿಂದ ತೆರೆದದ್ದು. ಕುತ್ತಿಗೆಗೊಂದು, ಬೆನ್ನಿಗೊಂದು, ಸೊಂಟಕ್ಕೊಂದು ದಾರ. ಇಷ್ಟು ವರ್ಷ ಊರಿನವರಿಗೆಲ್ಲ ಬಟ್ಟೆ ತೊಡಿಸಿದವಳಿಗೆ ಅದನ್ನು ಕಟ್ಟಿಕೊಳ್ಳಲಾಗಲಿಲ್ಲ, ಈ ಹೊಟ್ಟೆಯಿಂದ ಕೈ ಹಿಂದಕ್ಕೆ ಎಟುಕುವುದಿಲ್ಲ. ಒಬ್ಬ ನರ್ಸ್ ಓಡುತ್ತಾ ಬಂದು ಕಟ್ಟಿದಳು, ನಾಲ್ಕು ಹೆಜ್ಜೆಗೆ ಬಿಚ್ಚಿಕೊಂಡಿತು. ಬೆನ್ನಿನ ಹಿಂದೆ ಕೈಯಲ್ಲಿ ಅದನ್ನು ಮುಚ್ಚಿ ಹಿಡಿದುಕೊಂಡು, ಅಷ್ಟೂ ಜನರ ನಡುವೆ ಉದ್ದದ ಓಣಿಯಲ್ಲಿ ನಡೆದೆ. ಹತ್ತೊಂಬತ್ತಕ್ಕೂ ಅದೇ ಗೌನು. ನಿನಗೆ ಭುಜ ಕೂರಿಸಲು ಬರುವುದಿಲ್ಲ, ಆದರೆ ನೀನು ಹಾಕಿದ ಗಂಟು ಇವತ್ತಿನವರೆಗೆ ಬಿಚ್ಚಿಕೊಂಡಿದ್ದನ್ನು ನಾನು ನೋಡಿಲ್ಲ. ಬೆಳಿಗ್ಗೆ ಏಳಕ್ಕೆ ಒಳಗೆ ಕರೆದುಕೊಂಡು ಹೋಗುತ್ತಾರೆ. ಅದಕ್ಕೆ ಮೊದಲು ಬಾ.